ಸೋತ ದಿನದ ಪತ್ರಿಕಾಗೋಷ್ಠಿ

ನಾವು ಈ ಶಾಲೆಯಲ್ಲಿ ಓದುವಾಗ ರಾಕೆಟ್ ಎಂದರೆ ಕಲಾಂ. ಆಗ ಅವರು ರಾಷ್ಟ್ರಪತಿ. ಸತೀಶ್ ಧವನ್ ಹೆಸರು ನನ್ನ ಕಿವಿಗೆ ಬಿದ್ದದ್ದು ಬಿ.ಇ. ಸೇರಿದ ಮೇಲೆ.

1979ರ ಆಗಸ್ಟ್ 10ರಂದು ಶ್ರೀಹರಿಕೋಟಾದಿಂದ ಎಸ್‌ಎಲ್‌ವಿ-3 ಮೊದಲ ಬಾರಿಗೆ ಮೇಲೇರಿತು. 22 ಮೀಟರ್ ಎತ್ತರ, 17 ಟನ್ ತೂಕ, ನಾಲ್ಕು ಹಂತ. ಮೊದಲ ಹಂತ ಸರಿಯಾಗಿಯೇ ಉರಿಯಿತು. ಎರಡನೆಯದರಲ್ಲಿ ಹಿಡಿತ ತಪ್ಪಿ, ಹೊರಟ 317 ಸೆಕೆಂಡಿಗೆ ಬಂಗಾಳ ಕೊಲ್ಲಿಗೆ ಬಿತ್ತು. ಒಂದು ಕವಾಟ ಸರಿಯಾಗಿ ಮುಚ್ಚದೆ, ನಿಯಂತ್ರಣ ವ್ಯವಸ್ಥೆಯ ನೈಟ್ರಿಕ್ ಆಮ್ಲ ಸೋರಿತ್ತು. ಉಡಾವಣೆಗೆ ಮುನ್ನ ಕಂಪ್ಯೂಟರ್ ತಡೆ ಹಾಕಿತ್ತು; ತಜ್ಞರ ಮಾತು ನಂಬಿ ಅದನ್ನು ಬದಿಗಿಟ್ಟು ಮುಂದುವರಿದವನು ನಾನೇ ಎಂದು ಯೋಜನಾ ನಿರ್ದೇಶಕರಾಗಿದ್ದ ಕಲಾಂ ನಂತರ ಹಲವು ಬಾರಿ ಹೇಳಿಕೊಂಡಿದ್ದಾರೆ. ಅಂದರೆ ಬೆರಳು ತೋರಿಸಲು ಒಬ್ಬ ಮನುಷ್ಯ ಅಲ್ಲೇ ಇದ್ದ.

ಇಸ್ರೋ ಅಧ್ಯಕ್ಷ ಧವನ್ ಬೆರಳು ತೋರಿಸಲಿಲ್ಲ. ಪತ್ರಕರ್ತರ ಮುಂದೆ ತಾವೇ ಕುಳಿತರು. ಸೋತಿದ್ದೇವೆ, ಆದರೆ ನನ್ನ ತಂಡದ ಮೇಲೆ ನಂಬಿಕೆಯಿದೆ, ಮುಂದಿನ ವರ್ಷ ಗೆಲ್ಲುತ್ತೇವೆ ಎಂಬ ಅರ್ಥದ ಮಾತಾಡಿದರು. 1980ರ ಜುಲೈ 18ರಂದು 35 ಕಿಲೋ ತೂಕದ ರೋಹಿಣಿ ಕಕ್ಷೆ ಸೇರಿತು. ಅಂದು ಪತ್ರಕರ್ತರ ಮುಂದೆ ಕಲಾಂ ಅವರನ್ನು ಕಳಿಸಿದರು.

ಧವನ್ ಹುದ್ದೆಗೆ ಹಾತೊರೆದವರಲ್ಲ. ಸಾರಾಭಾಯಿ ತೀರಿಕೊಂಡ ಮೇಲೆ ಕರೆ ಬಂದಾಗ ಅವರು ಅಮೆರಿಕದ ಕ್ಯಾಲ್‌ಟೆಕ್‌ನಲ್ಲಿದ್ದರು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ನಿರ್ದೇಶಕನಾಗಿಯೂ ಮುಂದುವರಿಯಬೇಕು, ಬಾಹ್ಯಾಕಾಶ ಕಾರ್ಯಕ್ರಮದ ಕೇಂದ್ರ ಕಚೇರಿ ಬೆಂಗಳೂರಿನಲ್ಲೇ ಇರಬೇಕು ಎಂದು ಷರತ್ತು ಹಾಕಿ 1972ರಲ್ಲಿ ಒಪ್ಪಿದರು. ಬೆಂಗಳೂರಿಗೆ ಇಸ್ರೋ ದಕ್ಕಿದ್ದು ಹೀಗೆ.

ನನ್ನದು ಸಾಫ್ಟ್‌ವೇರ್ ಕೆಲಸ. ರಾಕೆಟ್ಟಿನ ಮುಂದೆ ಸಣ್ಣದು. ಹಿಂದೆ ಕೆಲಸ ಮಾಡಿದ ಕಡೆ ಒಂದು ರಾತ್ರಿ ನಾನು ಹಾಕಿದ ಕೋಡ್‌ನಿಂದ ಬೆಳಗಿನ ಹೊತ್ತಿಗೆ ಇಡೀ ಸೇವೆ ನಿಂತುಹೋಯಿತು. ಸಭೆಯಲ್ಲಿ ಕೇಳಿದ ಮೊದಲ ಪ್ರಶ್ನೆ, "ಯಾರು ಮಾಡಿದ್ದು?" ಕೈ ಎತ್ತಿದೆ. ಅಲ್ಲಿಂದಾಚೆ ಆ ತಂಡದಲ್ಲಿ ಅನುಮಾನ ಬಂದರೂ ಯಾರೂ ಬಾಯಿ ಬಿಡುತ್ತಿರಲಿಲ್ಲ, ನಾನೂ ಸೇರಿ.

ಈಗ ಆರು ಜನರ ತಂಡ ನನ್ನದು. ಮೊನ್ನೆ ಹೊಸದಾಗಿ ಸೇರಿದ ಹುಡುಗಿಯಿಂದ ಒಂದು ತಪ್ಪಾಯಿತು. ಗ್ರಾಹಕರ ಕರೆಗೆ ನಾನೇ ಕುಳಿತೆ. "ತಪ್ಪು ನಮ್ಮ ತಂಡದ್ದು" ಎಂದೆ. ಅವರು ಮತ್ತೆ ಮತ್ತೆ ಕೆದಕಿದಾಗ ಆಕೆಯ ಹೆಸರು ನಾಲಿಗೆಯ ತುದಿಗೇ ಬಂದಿತ್ತು. ನುಂಗಿಕೊಂಡೆ.