ಗುರು ತಬಲಾ ನುಡಿಸಿದ ಕಛೇರಿ

1936ರಲ್ಲಿ ಹಂಪೆಯಲ್ಲಿ ವಿಜಯನಗರ ಸ್ಥಾಪನೆಯ ಆರುನೂರನೆಯ ವರ್ಷದ ಉತ್ಸವವು ಜರುಗಿತು. ಬಸವರಾಜ ರಾಜಗುರು ಎಂಬ ತರುಣನು ಅಲ್ಲಿ ತನ್ನ ಪ್ರಥಮ ಕಛೇರಿಯನ್ನು ನಡೆಸಿದನು. ತಬಲಾ ಸಾಥಿಗೆ ಕುಳಿತವರು ಸಾಕ್ಷಾತ್ ಅವನ ಗುರುಗಳಾದ ಗಾನಯೋಗಿ ಪಂಚಾಕ್ಷರಿ ಗವಾಯಿಗಳು! ಈ ದೃಶ್ಯವನ್ನು ನೆನೆದಾಗಲೆಲ್ಲ, ಒಬ್ಬ ಗಾಯಕನು ಎಷ್ಟು ಕೈಗಳಲ್ಲಿ ರೂಪುಗೊಳ್ಳುತ್ತಾನೆಂಬ ವಿಚಾರವು ನಮ್ಮ ಮನದಲ್ಲಿ ಮೂಡುತ್ತದೆ.

ಮಠದವರಾದ ನಮಗೆ ಒಂದು ಚಪಲವುಂಟು. ಒಳಿತನ್ನೆಲ್ಲ ಮಠದ ಲೆಕ್ಕಕ್ಕೆ ಬರೆದುಕೊಳ್ಳುವುದು. ಇಲ್ಲಿ ಅದು ಸಲ್ಲದು. ಯಲಿವಾಳದ ಆ ಬಾಲಕನಲ್ಲಿ ಸ್ವರಜ್ಞಾನದ ಬೀಜವನ್ನು ಬಿತ್ತಿದವರು ತಂಜಾವೂರಿನಲ್ಲಿ ಕರ್ನಾಟಕ ಸಂಗೀತವನ್ನು ಕಲಿತಿದ್ದ ಅವನ ತಂದೆಯವರು. ಅನಂತರ ಅವನನ್ನು ಸೆಳೆದುದು ವಾಮನರಾವ ಮಾಸ್ತರರ ನಾಟಕ ಕಂಪನಿ. ನಾಟಕವೆಂದರೆ ಹುಡುಗರು ಕೆಡುವ ದಾರಿಯೆಂದೇ ಅನೇಕ ಹಿರಿಯರು ಬಗೆದಿದ್ದ ಕಾಲವದು. ಆದರೆ ಕೊನೆಯ ಸಾಲಿನವರೆಗೆ ಕಂಠವನ್ನು ಮುಟ್ಟಿಸುವ ಅಭ್ಯಾಸವನ್ನೂ, ಮಾತಿನ ಭಾವಕ್ಕೆ ರಾಗವನ್ನು ಒಲಿಸುವ ಬಗೆಯನ್ನೂ ರಂಗಭೂಮಿಯಷ್ಟು ಚೆನ್ನಾಗಿ ಕಲಿಸುವ ಶಾಲೆ ಬೇರಾವುದಿತ್ತು?

ಪಂಚಾಕ್ಷರಿ ಗವಾಯಿಗಳು ಇದನ್ನು ಕಳಂಕವೆಂದೆಣಿಸಲಿಲ್ಲ. 1892ರಲ್ಲಿ ಕಾಡಶೆಟ್ಟಿಹಳ್ಳಿಯಲ್ಲಿ ಜನಿಸಿದ, ಕಣ್ಣಿಲ್ಲದ ಅವರನ್ನು ಹಾನಗಲ್ಲ ಶ್ರೀ ಕುಮಾರ ಶಿವಯೋಗಿಗಳವರು ಮಡಿಲಿಗೆ ತೆಗೆದುಕೊಂಡು ಸಂಗೀತಕ್ಕೆ ಹಚ್ಚಿದ್ದರು. ಮೊದಲು ಕರ್ನಾಟಕ ಪದ್ಧತಿಯನ್ನು ಕಲಿತು, ಆಮೇಲೆ ಮಿರಜಿನ ನೀಲಕಂಠಬುವಾ ಅವರಲ್ಲಿ ಹಿಂದುಸ್ತಾನಿಯನ್ನು ಸಾಧಿಸಿದವರು ಅವರು. ತಂದೆಯಿಂದ ತೆಂಕಣ ಸಂಸ್ಕಾರವನ್ನು ಪಡೆದು ಬಂದ ಶಿಷ್ಯನಿಗೆ ಎರಡು ಪದ್ಧತಿಗಳನ್ನೂ ಬಲ್ಲ ಗುರು ದೊರೆತದ್ದು ಸಾಮಾನ್ಯ ಭಾಗ್ಯವಲ್ಲ. ಅಂಧರೂ ಬಡವರೂ ಆದ ಮಕ್ಕಳೊಡನೆ ಒಂದೇ ಪಂಕ್ತಿಯ ಪ್ರಸಾದ, ಊರೂರಿನ ಸಂಚಾರ, ಎಡೆಬಿಡದ ಸಾಧನೆ. ಹೀಗೆ ಹನ್ನೆರಡು ವರ್ಷಗಳು ಸಂದವು. ಆ ಮಕ್ಕಳ ಹೊಟ್ಟೆಗಾಗಿ ಗವಾಯಿಗಳ ಆಶ್ರಮವೇ ನಾಟಕ ಸಂಘವನ್ನು ಕಟ್ಟಿತೆಂಬುದನ್ನೂ, ಪುಟ್ಟರಾಜ ಗವಾಯಿಗಳು ಅದಕ್ಕೆ ನಾಟಕಗಳನ್ನು ಬರೆದುಕೊಟ್ಟರೆಂಬುದನ್ನೂ ಇಲ್ಲಿ ಹೇಳಲೇಬೇಕು.

1944ರಲ್ಲಿ ಗವಾಯಿಗಳು ಲಿಂಗೈಕ್ಯರಾದರು. ಗುರುವಿನ ತರುವಾಯ ಮತ್ತೊಬ್ಬರ ಬಳಿ ಕೈಕಟ್ಟಿ ಕುಳಿತುಕೊಳ್ಳುವುದು ಗುರುದ್ರೋಹವೆನ್ನುವವರು ನಮ್ಮಲ್ಲಿ ಈಗಲೂ ಇದ್ದಾರೆ. ಅವರೊಡನೆ ನಾವು ಒಪ್ಪಲಾರೆವು. ಬಸವರಾಜ ರಾಜಗುರುಗಳು ಸವಾಯಿ ಗಂಧರ್ವರಲ್ಲಿಗೆ ಹೋದರು. ಸುರೇಶಬಾಬು ಮಾನೆಯವರಲ್ಲಿಗೂ ಹೋದರು. ಒಂದು ಪದ್ಧತಿಯಲ್ಲಿ ನುರಿತಮೇಲೂ ಇನ್ನೊಂದರ ಬಾಗಿಲಲ್ಲಿ ವಿದ್ಯಾರ್ಥಿಯಾಗಿ ನಿಂತವರು ಅವರ ಗುರುಗಳೇ ಅಲ್ಲವೆ? 1991ರಲ್ಲಿ ಕಾಲವಾಗುವ ವೇಳೆಗೆ ಖಯಾಲಿನ ಗಾಯಕರೆಂದು ನಾಡೆಲ್ಲ ಬಲ್ಲ ಅವರು ರಂಗಗೀತೆಗಳನ್ನೂ ವಚನಗಳನ್ನೂ ಕೈಬಿಟ್ಟಿರಲಿಲ್ಲ.