ಕನ್ನಂಬಾಡಿಯ ಗಾರೆ ಮತ್ತು ಧ್ವನಿಯ ಸಾಕ್ಷ್ಯ

ಶ್ರೀರಂಗಪಟ್ಟಣ, ಪಾಂಡವಪುರಗಳ ಸೀಮೆಯಲ್ಲಿ ಕಾವೇರಿಗೆ ಅಡ್ಡಲಾಗಿ ನಿಂತು, ಕೃಷ್ಣರಾಜಪೇಟೆಯ ಕಡೆಗೂ ತನ್ನ ಹಿನ್ನೀರನ್ನು ಚಾಚಿರುವ ಕೃಷ್ಣರಾಜಸಾಗರದ ಕಟ್ಟೆಯನ್ನು ಅನೇಕರು ಕೊಂಡಾಡಿದ್ದಾರೆ. ಅದರ ಕಲ್ಲುಗಳನ್ನು ಹಿಡಿದು ನಿಲ್ಲಿಸಿರುವ ಗಾರೆಯ ವಿಷಯವನ್ನು ನಾವಿಲ್ಲಿ ಸಂಕ್ಷೇಪವಾಗಿ ವಿಚಾರಿಸುತ್ತೇವೆ.

1911ರಲ್ಲಿ ಕೆಲಸ ಪ್ರಾರಂಭವಾದಾಗ ಮುಖ್ಯ ಇಂಜಿನಿಯರಾಗಿದ್ದವರು ಎಂ. ವಿಶ್ವೇಶ್ವರಯ್ಯನವರು. ಸಿಮೆಂಟು ಅಂದು ಬಹುಮಟ್ಟಿಗೆ ಹೊರದೇಶದಿಂದ ಬರಬೇಕಾಗಿದ್ದಿತು. ಆದುದರಿಂದ ಸುಮಾರು 8,600 ಅಡಿ ಉದ್ದದ ಈ ಕಟ್ಟೆಗೆ ಸುರ್ಕಿ ಗಾರೆಯನ್ನು, ಎಂದರೆ ಸುಣ್ಣಕ್ಕೆ ಸುಟ್ಟ ಜೇಡಿಮಣ್ಣಿನ ಪುಡಿಯನ್ನು ಬೆರೆಸಿದ ಗಾರೆಯನ್ನು ಬಳಸಲಾಯಿತು. ಬರಿಯ ಸುಣ್ಣ ಗಟ್ಟಿಯಾಗಲು ಗಾಳಿಯಲ್ಲಿನ ಇಂಗಾಲದ ಡೈ ಆಕ್ಸೈಡು ಬೇಕು. ದಪ್ಪನಾದ ಕಟ್ಟಡದ ಒಡಲಿಗೆ ಅದು ಸುಲಭವಾಗಿ ತಲುಪದು. ಸುರ್ಕಿಯ ಸಿಲಿಕವಾದರೋ ನೀರಿನ ಸಹಾಯದಿಂದ ಸುಣ್ಣದೊಡನೆ ಸಂಯೋಗ ಹೊಂದುವುದರಿಂದ ಈ ಗಾರೆ ನೀರಿನೊಳಗೂ ಬಿಗಿಯುತ್ತದೆ.

1907ರಲ್ಲಿ ಬೇಕ್‌ಲೆಂಡ್ ಕಂಡುಹಿಡಿದ ಬೇಕಲೈಟಿನ ಸ್ವಭಾವವೂ ಒಂದು ಬಗೆಯಲ್ಲಿ ಇದೇ. ಅಚ್ಚಿನಲ್ಲಿ ಕಾಸಿದಾಗ ಗಟ್ಟಿಯಾದ ಅದು ಮರಳಿ ಕಾಸಿದರೆ ಕರಗದು. ಎರಡರಲ್ಲಿಯೂ ಬದಲಾವಣೆ ಹಿಂದಿರುಗದಂತಹುದು. ಆದಕಾರಣ ಒಳಭಾಗ ಎಷ್ಟು ಬಲಿತಿದೆಯೆಂಬುದನ್ನು ತಿಳಿಯುವುದೇ ಮುಖ್ಯ ಪ್ರಶ್ನೆ.

ಇದಕ್ಕೆ ಉತ್ತರ ದೊರೆತುದು ಕಿವಿಗೆ ಕೇಳಿಸದ ಶ್ರವಣಾತೀತ ಧ್ವನಿಯಿಂದ. ವಸ್ತು ಬಿಗಿದಷ್ಟೂ ಧ್ವನಿಯ ವೇಗ ಹೆಚ್ಚುತ್ತದೆ. ಎಪಾಕ್ಸಿಯಂತಹ ರಾಳ ದ್ರವವಾಗಿದ್ದಾಗ ಸೆಕೆಂಡಿಗೆ ಸುಮಾರು 1,500 ಮೀಟರಿರುವ ವೇಗ, ಅದು ಗಟ್ಟಿಯಾದ ಮೇಲೆ 2,500 ಮೀಟರನ್ನು ಮುಟ್ಟಬಲ್ಲುದು. ಅಚ್ಚಿನ ಗೋಡೆಯಲ್ಲಿರಿಸಿದ ಉಪಕರಣದಿಂದ ಈ ಏರಿಕೆಯನ್ನು ಕ್ಷಣಕ್ಷಣವೂ ಅಳೆದು, ಏರಿಕೆ ನಿಂತಾಗ ಅಚ್ಚನ್ನು ಬಿಚ್ಚಬಹುದು.

1935ರಲ್ಲಿ ಸಿ. ವಿ. ರಾಮನ್ ಮತ್ತು ನಾಗೇಂದ್ರನಾಥರು ಬೆಂಗಳೂರಿನಲ್ಲಿ, ಈ ತರಂಗಗಳು ದ್ರವದಲ್ಲಿ ಬೆಳಕನ್ನು ವಿವರ್ತಿಸುವ ಬಗೆಯನ್ನು ನಿರೂಪಿಸಿದರು. ಕಾಂಕ್ರೀಟನ್ನು ಧ್ವನಿಯಿಂದ ಪರೀಕ್ಷಿಸುವ ಕ್ರಮ ಕೆನಡಾ, ಇಂಗ್ಲೆಂಡುಗಳಲ್ಲಿ ರೂಪುಗೊಂಡುದು 1940ರ ದಶಕದಲ್ಲಿ. ಅಷ್ಟರಲ್ಲಿ ಕನ್ನಂಬಾಡಿಯ ಕಟ್ಟೆ ಮುಗಿದಿದ್ದಿತು. ಅದರ ಗಾರೆ ಬಲಿಯುತ್ತಿದ್ದಾಗ ಈ ಬಗೆಯಲ್ಲಿ ಆಲಿಸುವ ಸಾಧನವೇ ಇರಲಿಲ್ಲ. ಈಗ ಸಾಧ್ಯವಿರುವುದು ಫಲದ ಪರೀಕ್ಷೆ ಮಾತ್ರ. ಅದೂ ಸುಲಭವಲ್ಲ: ರಾಳಕ್ಕೆ ಸಲ್ಲುವ ಅತ್ಯುಚ್ಚ ಆವರ್ತನದ ಧ್ವನಿ ಕಲ್ಲುಗಾರೆಯ ಸಂದುಗಳಲ್ಲಿ ಚದರಿಹೋಗುವುದರಿಂದ, ದಪ್ಪ ಗೋಡೆಗೆ ಅದಕ್ಕಿಂತ ಬಹಳ ಕೆಳಗಿನ ಆವರ್ತನಗಳೇ ಬೇಕು.

2024ರ ಜನವರಿಯಲ್ಲಿ ಉಚ್ಚ ನ್ಯಾಯಾಲಯವು ಕಟ್ಟೆಯ ಸುತ್ತ 20 ಕಿಲೋಮೀಟರಿನೊಳಗೆ ಗಣಿಗಾರಿಕೆಯನ್ನು ತಡೆದುದನ್ನು ನೆನೆದರೆ ಈ ಪ್ರಶ್ನೆಯ ಗೌರವ ತಿಳಿಯುತ್ತದೆ. ಪ್ಲಾಸ್ಟಿಕ್ಕಿನ ಒಂದು ಅಚ್ಚು ಕೆಟ್ಟರೆ ಇನ್ನೊಂದನ್ನು ಎರೆಯಬಹುದು; ಕಟ್ಟೆಗೆ ಆ ಅವಕಾಶವಿಲ್ಲ. ಇಂದು ಕ್ರಮವಾಗಿ ಅಳೆದಿಟ್ಟ ವೇಗಗಳೇ ಮುಂದಿನವರು ಹೋಲಿಸಿ ನೋಡಬಹುದಾದ ದಾಖಲೆಯೆಂದು ನಮ್ಮ ಅಭಿಪ್ರಾಯ.