ಕ್ಯಾನ್ಸರ್ ಚಿಕಿತ್ಸೆ: ಆತಂಕ ತಗ್ಗಿಸುವ ಅಂಗಮರ್ದನ

ಮದ್ದೂರು ತಾಲ್ಲೂಕಿನ ಬೆಸಗರಹಳ್ಳಿ ಸೀಮೆಯ ಮನೆಗಳಿಗೆ ಹರಳೆಣ್ಣೆ ತಿಕ್ಕಿ ನೀರೆರೆಯುವುದು ಹೊಸತಲ್ಲ. ಬಾಣಂತಿಗೆ, ಕೂಸಿಗೆ, ದುಡಿದು ದಣಿದವರಿಗೆ ಈ ಉಪಚಾರ ಉಂಟು. ಆದರೆ ಮನೆಯಲ್ಲೊಬ್ಬರಿಗೆ ಕ್ಯಾನ್ಸರ್ ಎಂದು ತಿಳಿದೊಡನೆ ಅವೇ ಕೈಗಳು ಹಿಂಜರಿಯುತ್ತವೆ. ಉಜ್ಜಿದರೆ ರೋಗ ಹರಡೀತೆಂಬ ಭಯ. ಮೃದುವಾದ ಅಂಗಮರ್ದನದಿಂದ, ಅಂದರೆ ಮಸಾಜ್‌ನಿಂದ, ಕ್ಯಾನ್ಸರ್ ಹರಡುತ್ತದೆ ಎನ್ನಲು ಆಧಾರವಿಲ್ಲ. ಗಡ್ಡೆಯಿರುವ ಜಾಗವನ್ನು ಮಾತ್ರ ಒತ್ತಬಾರದು.

ರೋಗಿಯ ಆತಂಕಕ್ಕೆ ರೋಗವೊಂದೇ ಕಾರಣವಲ್ಲ. 1973ರಲ್ಲಿ ಆರಂಭವಾದ ಬೆಂಗಳೂರಿನ ಕಿದ್ವಾಯಿ ಆಸ್ಪತ್ರೆಯಂತಹ ದೂರದ ಕೇಂದ್ರಗಳಿಗೆ ಅಲೆದಾಟ, ವರದಿಗಾಗಿ ಕಾಯುವಿಕೆ, ಮುಂದಿನ ಕಿಮೊಥೆರಪಿಯ ದಿಗಿಲು ಇವೆಲ್ಲವೂ ನಿದ್ದೆ ಕಸಿಯುತ್ತವೆ. ಅಂಗಮರ್ದನದ ಪಾತ್ರ ಇರುವುದು ಇಲ್ಲಿ. ಗಡ್ಡೆ ಕರಗಿಸುವುದರಲ್ಲಿ ಅಲ್ಲ.

ನ್ಯೂಯಾರ್ಕ್‌ನ ಮೆಮೋರಿಯಲ್ ಸ್ಲೋನ್ ಕೆಟರಿಂಗ್ ಕೇಂದ್ರ 2004ರಲ್ಲಿ 1,290 ರೋಗಿಗಳ ವರದಿ ಪ್ರಕಟಿಸಿತು. ಮಸಾಜ್ ನಂತರ ಆತಂಕವೂ ಸೇರಿದಂತೆ ತೊಂದರೆಗಳ ತೀವ್ರತೆ ಸರಾಸರಿ ಅರ್ಧದಷ್ಟು ಇಳಿದಿತ್ತು. ಹೋಲಿಕೆಗೆ ಬೇರೊಂದು ಗುಂಪು ಇರಲಿಲ್ಲವೆಂಬುದನ್ನು ಮರೆಯುವಂತಿಲ್ಲ. 19 ಪ್ರಯೋಗಗಳನ್ನು ಪರಿಶೀಲಿಸಿದ 2016ರ ಕಾಕ್ರೇನ್ ವಿಮರ್ಶೆಯಂತೂ ಪುರಾವೆಯ ಗುಣಮಟ್ಟ ತೀರಾ ಕಡಿಮೆ ಎಂದಿತು.

ಹಳ್ಳಿಯ ಮನೆಗೆ ಹೆಚ್ಚು ಹತ್ತಿರವಾದದ್ದು 2013ರಲ್ಲಿ ಪ್ರಕಟವಾದ ಮತ್ತೊಂದು ಅಮೆರಿಕನ್ ಅಧ್ಯಯನ. ಅದರಲ್ಲಿ ಮಸಾಜ್ ಮಾಡಿದವರು ತಜ್ಞರಲ್ಲ, ವಿಡಿಯೊ ನೋಡಿ ಕಲಿತ ಮನೆಯವರು. ರೋಗಿಗಳ ತೊಂದರೆಗಳು ಶೇ 29ರಿಂದ 44ರಷ್ಟು ತಗ್ಗಿದವು. ಬರಿದೆ ಪುಸ್ತಕ ಓದಿ ಹೇಳಿದವರ ಗುಂಪಿನಲ್ಲೂ ಶೇ 12ರಿಂದ 28ರಷ್ಟು ಇಳಿಕೆ ಕಂಡಿತು. ಜೊತೆಗೆ ಕುಳಿತಿದ್ದುದೂ ಉಪಚಾರವೇ ಆಯಿತು.

ಅಪಾಯವಿರುವುದು ನಮ್ಮ ಕಡೆಯ ಬಲವಾದ ತಿಕ್ಕಾಟದಲ್ಲಿ. ಕಿಮೊಥೆರಪಿಯಿಂದ ರಕ್ತದ ಪ್ಲೇಟ್‌ಲೆಟ್ ಕುಸಿಯಬಹುದು. 1.5 ಲಕ್ಷಕ್ಕಿಂತ ಮೇಲಿರಬೇಕಾದ ಎಣಿಕೆ 50 ಸಾವಿರಕ್ಕಿಂತ ಇಳಿದಾಗ ಒತ್ತಿ ಉಜ್ಜಿದರೆ ಚರ್ಮದಡಿ ರಕ್ತಸ್ರಾವವಾದೀತು. ಮೂಳೆಗೆ ಕ್ಯಾನ್ಸರ್ ಹರಡಿದ್ದರೆ ಒತ್ತಡದಿಂದ ಮೂಳೆ ಮುರಿಯಬಹುದು. ಒಂದೇ ಕಾಲು ಊದಿ ನೋಯುತ್ತಿದ್ದರೆ ರಕ್ತ ಹೆಪ್ಪುಗಟ್ಟಿರುವ ಸಂಭವವಿದ್ದು, ಅದನ್ನು ಮುಟ್ಟದೆ ವೈದ್ಯರ ಬಳಿ ಒಯ್ಯಬೇಕು. ವಿಕಿರಣ ಪಡೆಯುತ್ತಿರುವ ಚರ್ಮ, ಶಸ್ತ್ರಚಿಕಿತ್ಸೆಯ ಗಾಯ, ಔಷಧ ನೀಡಲು ಅಳವಡಿಸಿದ ನಳಿಕೆಯ ಸುತ್ತಲ ಜಾಗಕ್ಕೂ ಕೈಹಾಕಬಾರದು. ಸ್ತನ ಕ್ಯಾನ್ಸರ್ ಶಸ್ತ್ರಚಿಕಿತ್ಸೆಯ ನಂತರ ತೋಳು ಊದಿದ್ದರೆ ಅದಕ್ಕೆ ತರಬೇತಿ ಪಡೆದವರೇ ಬೇಕು.

ಚಿಕಿತ್ಸೆ ನೀಡುವ ವೈದ್ಯರ ಒಪ್ಪಿಗೆ ಪಡೆದು ಕೈ, ಪಾದಗಳನ್ನು ಹತ್ತಿಪ್ಪತ್ತು ನಿಮಿಷ ಮೆಲ್ಲಗೆ ನೀವಿದರೆ ಸಾಕು. ಕಿಮೊಥೆರಪಿಯ ದಿನಗಳಲ್ಲಿ ಎಣ್ಣೆಯ ವಾಸನೆಯೇ ಓಕರಿಕೆ ತರುವುದುಂಟು. ಆಗ ಬರಿಗೈಯೇ ಲೇಸು.